ನಲವತ್ತೆಂಟು ಕಿಲೋ ಬಿಲ್ಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅಂಗೈಯಗಲದ ಒಂದು ಚೀಟಿ. ಬಾಯಿಬಿಟ್ಟು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಬಾಯಿಬಿಡುವುದೊಂದನ್ನು ಬಿಟ್ಟು ಮಿಕ್ಕ ಏನನ್ನಾದರೂ ಮಾಡಲು ಅವಳು ತಯಾರಿದ್ದಳು. ಹಾಗಾಗಿ ಚೀಟಿ ಬರೆದಳು.

ಅವಳು ಅಳತೆ ಮತ್ತು ತೂಕದ ಕಚೇರಿಯಲ್ಲಿ ದಾಖಲೆ ಕೋಣೆಯ ಗುಮಾಸ್ತೆ. ಅಂಗಡಿಯವರ ತಕ್ಕಡಿ, ಎಣ್ಣೆಯವರ ಅಳತೆಪಾತ್ರೆ, ಬಟ್ಟೆಯವರ ಮೀಟರ್ ಕೋಲು ಎಲ್ಲವೂ ವರ್ಷಕ್ಕೊಮ್ಮೆ ಆ ಕಚೇರಿಗೆ ಬಂದು, ಪರೀಕ್ಷೆಗೆ ನಿಂತು, ಸರಿಯಿದ್ದರೆ ಮುದ್ರೆ ಹೊಡೆಸಿಕೊಂಡು ಹೋಗಬೇಕು. ಅವು ಹೋದಮೇಲೆ ಉಳಿಯುವ ಕಾಗದವೆಲ್ಲ ಅವಳ ಕೋಣೆಗೆ. ಕಾಗದಗಳು ತಿರುಗಿ ಮಾತಾಡುವುದಿಲ್ಲ ಎಂಬುದೇ ಆ ಕೆಲಸದಲ್ಲಿ ಅವಳು ಕಂಡುಕೊಂಡ ಸುಖ. ಯಾರಾದರೂ ಏನಾದರೂ ಕೇಳಿದರೆ ಅವಳ ಉತ್ತರ ಗಂಟಲಿನಿಂದ ದಷ್ಟಪುಷ್ಟವಾಗಿಯೇ ಹೊರಡುತ್ತಿತ್ತು. ತುಟಿಯ ತನಕ ಬರುವಷ್ಟರಲ್ಲಿ ಕಾಯಿಲೆ ಬಿದ್ದವರ ಹಾಗೆ ಸೊರಗಿಬಿಡುತ್ತಿತ್ತು. ಕಚೇರಿಯವರು ಅವಳಿಗೆ ಪಿಸುಮಾತು ಎಂದೇ ಹೆಸರಿಟ್ಟಿದ್ದರು. ಹಾಗೆ ಕರೆದಾಗ ಅವಳು ‘ಹ್ಞಾಂ’ ಅನ್ನುತ್ತಿದ್ದಳು. ಅದೂ ಕೇಳಿಸುತ್ತಿರಲಿಲ್ಲ.

ಮಧ್ಯಾಹ್ನ ಒಂದರಿಂದ ಎರಡರವರೆಗಿನ ಲೆಕ್ಕವೇ ಬೇರೆ. ಪರೀಕ್ಷಾ ಕೋಣೆಯ ಹಿಂದಿನ ಊಟದ ಕೋಣೆಯಲ್ಲಿ ಒಂದು ಕಲ್ಲುಹಾಸಿನ ಮೇಜು, ನಾಲ್ಕು ಕುರ್ಚಿ. ಡಬ್ಬಿ ಮುಚ್ಚಿದ ಕೂಡಲೇ ಅಲ್ಲೊಂದು ಆಟ ಶುರುವಾಗುತ್ತಿತ್ತು. ತಕ್ಕಡಿ ವಿಭಾಗದ ಹಿರಿಯರು, ಎಲ್ಲರೂ ತಕ್ಕಡಿ ಮೇಷ್ಟ್ರು ಎನ್ನುವವರು, ದಪ್ಪದೊಂದು ನಿಯಮದ ಪುಸ್ತಕ ತೆರೆದಿಟ್ಟು ಕತೆ ಹೇಳುವರು: ಕಾಡು, ಕೋಟೆ, ಕಣಿವೆ, ಅದರೊಳಗೊಂದು ಮೃಗ. ಉಳಿದ ಮೂವರು ಆ ಕತೆಯೊಳಗಿನ ವೀರರು. ಯಾರು ಏನು ಮಾಡುತ್ತೇನೆಂದು ಹೇಳುತ್ತಾರೋ ಅದು ಆಗುತ್ತದೋ ಇಲ್ಲವೋ ಎಂಬುದನ್ನು ಮೇಷ್ಟ್ರ ಮರದ ದಾಳ ತೀರ್ಮಾನಿಸುತ್ತಿತ್ತು. ಅಳತೆಪಾತ್ರೆ ವಿಭಾಗದ ಲೀಟರಕ್ಕ ಕತ್ತಿ ಹಿಡಿದ ರಾಣಿ. ಉದ್ದಳತೆ ವಿಭಾಗದ ಟೇಪಣ್ಣ ಮಂತ್ರವಾದಿ. ಪಿಸುಮಾತು ಆರಡಿ ಎತ್ತರದ ಬಿಲ್ಲುಗಾರ. ‘ಬಿಲ್ಲೆತ್ತುತ್ತೇನೆ’, ‘ಹಿಂದೆ ಸರಿಯುವುದಿಲ್ಲ’, ‘ನಾನು ಮುಂದೆ ಹೋಗುತ್ತೇನೆ, ನೀವು ಬನ್ನಿ’ ಎಂದೆಲ್ಲ ದಿನಕ್ಕೆ ಹತ್ತು ಹನ್ನೆರಡು ಮಾತು ಆ ಮೇಜಿನಲ್ಲಿ ಆಡುತ್ತಿದ್ದಳು. ಸಂಜೆ ಮನೆಗೆ ನಡೆಯುತ್ತ ಅವನ್ನು ಎಣಿಸಿಕೊಳ್ಳುತ್ತಿದ್ದಳು. ಇಡೀ ದಿನದಲ್ಲಿ ಅವಳು ಆಡಿದ ಮಾತು ಹೆಚ್ಚುಕಡಿಮೆ ಅಷ್ಟೇ ಆಗಿರುತ್ತಿತ್ತು.

ಆ ಕುರ್ಚಿಯೇ ಈಗ ಹೋಗುವುದರಲ್ಲಿತ್ತು.

ಕಣಿವೆಯ ಬಾಯಿಗೆ ಒಂದು ಕಲ್ಲಾಮೆ ಅಡ್ಡ ಕೂತು ನಾಲ್ಕು ದಿನವಾಗಿತ್ತು. ರಾಣಿಯ ಕತ್ತಿ ಮುರಿಯಿತು. ಮಂತ್ರವಾದಿಯ ಮಂತ್ರ ಮುಗಿಯಿತು. ಬಿಲ್ಲುಗಾರನ ಬಾಣಗಳು ತಾಗುತ್ತಿದ್ದವು, ಆದರೆ ಇಳಿಯುತ್ತಿರಲಿಲ್ಲ. ಚಿಪ್ಪಿಗೆ ಬಡಿದು ಕಡಲೆಕಾಯಿ ಸಿಪ್ಪೆಯ ಹಾಗೆ ಉದುರುತ್ತಿದ್ದವು. ನಿನ್ನೆ ಎರಡು ಗಂಟೆಗೆ ಮೇಷ್ಟ್ರು ಪುಸ್ತಕ ಮುಚ್ಚುತ್ತ, ನಾಳೆ ಆಮೆ ಕಾಲೆತ್ತುತ್ತೆ, ಎದುರಿಗಿರೋದು ಬಿಲ್ಲುಗಾರ ಒಬ್ಬನೇ ಎಂದಿದ್ದರು. ಆ ಮೇಜಿನ ಪದ್ಧತಿ ಸರಳವಾಗಿತ್ತು: ವೀರ ಸತ್ತರೆ ಕುರ್ಚಿ ಬಿಡಬೇಕು, ಸರದಿಯಲ್ಲಿರುವವರು ಕೂರಬೇಕು. ಸರದಿಯಲ್ಲಿದ್ದವರು ಟಪಾಲು ವಿಭಾಗದ ಟಪಾಲಣ್ಣ. ಎರಡು ವರ್ಷದಿಂದ ಕಿಟಕಿಗೆ ಒರಗಿ ನಿಂತು ಊಟ ಮಾಡುತ್ತ ಆಟ ನೋಡುತ್ತಿದ್ದರು. ಒಳ್ಳೆಯ ಮನುಷ್ಯರೇ. ಆದರೆ ಬಿಲ್ಲುಗಾರನಿಗೆ ಗಾಯವಾದಾಗಲೆಲ್ಲ ಅವರ ಅಗಿಯುವ ವೇಗ ಒಂದಿಷ್ಟು ಹೆಚ್ಚುತ್ತಿತ್ತು.

ರಾತ್ರಿಯಿಡೀ ಯೋಚಿಸಿದ ಪಿಸುಮಾತಿಗೆ ಒಂದು ದಾರಿ ಹೊಳೆದಿತ್ತು. ನಿಯಮದ ಪುಸ್ತಕದ ಪ್ರಕಾರ ಬಲದ ಒಂದು ಅಂಕಕ್ಕೆ ಮೂರು ಕಿಲೋ ಎಳೆತ. ಬಿಲ್ಲುಗಾರನ ಬಲ ಹದಿನಾರು. ಅಂದರೆ ನಲವತ್ತೆಂಟು ಕಿಲೋ ಬಿಲ್ಲನ್ನು ಅವನು ಎಳೆಯಬಲ್ಲ. ಅವನ ಕೈಯಲ್ಲಿದ್ದದ್ದು ಮೊದಲ ದಿನ ಕೊಟ್ಟ ಮೂವತ್ತು ಕಿಲೋ ಬಿಲ್ಲು. ಇಷ್ಟು ದಿನ ತನಗಿರುವ ಬಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಬಳಸಿಕೊಂಡು ಬದುಕಿದ್ದನಲ್ಲ ಎನ್ನಿಸಿ ಅವಳಿಗೆ ಅವನ ಮೇಲೆ ಕನಿಕರವಾಯಿತು. ಆ ಕನಿಕರ ಪೂರ್ತಿ ಅವನೊಬ್ಬನ ಮೇಲಿನದಾಗಿರಲಿಲ್ಲ.

ಹಾಗಾಗಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ‘ನನ್ನ ಬಿಲ್ಲಿನ ಎಳೆತದ ಬಲವನ್ನು ಮೂವತ್ತು ಕಿಲೋದಿಂದ ನಲವತ್ತೆಂಟು ಕಿಲೋಗೆ ಏರಿಸಿಕೊಡಬೇಕಾಗಿ ವಿನಂತಿ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಮೇಷ್ಟ್ರ ಮೇಜಿನ ಟ್ರೇಯಲ್ಲಿಟ್ಟಳು. ಕೆಳಗೆ ಸಹಿಯನ್ನೂ ಮಾಡಿದಳು. ಸಹಿ ಮಾಡಿದ್ದೇ ತಪ್ಪಾಯಿತು. ಸಹಿಯಿಲ್ಲದಿದ್ದರೆ ಅದು ಚೀಟಿ, ಸಹಿಯಿದ್ದರೆ ಅರ್ಜಿ.

ಮೇಷ್ಟ್ರು ಆ ಬೆಳಿಗ್ಗೆ ಪೇಟೆಯ ತಪಾಸಣೆಗೆ ಹೋಗಿದ್ದರು. ಹತ್ತೂವರೆಗೆ ಟಪಾಲಣ್ಣ ವಾಡಿಕೆಯಂತೆ ಟ್ರೇಗಳನ್ನು ಖಾಲಿ ಮಾಡಿದರು. ಕಾಗದ ಕಂಡರೆ ನಂಬರು ಹಾಕುವುದು ಅವರ ಕೈಯ ಅಭ್ಯಾಸ. ಕಣ್ಣಿಗೂ ಆ ಕೆಲಸಕ್ಕೂ ಸಂಬಂಧ ತಪ್ಪಿ ವರ್ಷಗಳಾಗಿದ್ದವು. ಬಿಲ್ಲಿನ ಚೀಟಿಗೆ ನಂಬರು ಬಿತ್ತು, ತಾರೀಖು ಬಿತ್ತು, ಟ್ಯಾಗು ಬಿತ್ತು, ಮೇಲೊಂದು ಟಿಪ್ಪಣಿ ಹಾಳೆ ಕೂತಿತು. ಪಿಸುಮಾತು ಓಡಿಬಂದು ಅದನ್ನು ಹಿಂದಕ್ಕೆ ಕೊಡಿ ಎಂದು ಎರಡು ಸಲ ಕೇಳಿದಳು. ಮೂರನೇ ಸಲ ಅವರಿಗೆ ಕೇಳಿಸಿತು.

“ನಂಬರು ಬಿದ್ದಾಯ್ತಲ್ಲಮ್ಮ,” ಎಂದರು ಟಪಾಲಣ್ಣ ಕನಿಕರದಿಂದ. “ಇನ್ನು ಅದು ನಿಂದೂ ಅಲ್ಲ, ನಂದೂ ಅಲ್ಲ. ಅದರ ಪಾಡಿಗೆ ಅದು ಹೋಗುತ್ತೆ, ಸುಮ್ನಿರು.”

ಅದು ಮೊದಲು ಹೋದದ್ದು ಲೀಟರಕ್ಕನ ಮೇಜಿಗೆ. ಲೀಟರಕ್ಕ ಚೀಟಿ ಓದಿ ಬಾಯ್ತುಂಬ ನಕ್ಕರು. ಇಷ್ಟನ್ನು ಕೇಳೋಕೆ ಅರ್ಜಿ ಹಾಕ್ಬೇಕಿತ್ತೇನೇ ಹುಡುಗಿ ಎಂದರು. ನಕ್ಕಮೇಲೆ ಹರಿದೆಸೆಯುತ್ತಾರೆಂದು ಪಿಸುಮಾತು ಕಾದಳು. ಆದರೆ ಇಪ್ಪತ್ತೆರಡು ವರ್ಷ ಟಿಪ್ಪಣಿ ಬರೆದ ಕೈ ಅದು. ಖಾಲಿ ಹಾಳೆ ಎದುರಿಗಿದ್ದರೆ ಸುಮ್ಮನಿರಲಾರದು. ‘ಎಳೆತದ ಬಲ ಏರಿಸುವ ಮೊದಲು ಎಳೆಯುವವರ ಬಲವನ್ನು ಪರಿಶೀಲಿಸುವುದು ಸೂಕ್ತ’ ಎಂದು ಬರೆದು, ತಮ್ಮ ಬರಹವನ್ನು ತಾವೇ ಮೆಚ್ಚಿಕೊಂಡು, ಟೇಪಣ್ಣನಿಗೆ ದಾಟಿಸಿದರು.

ಟೇಪಣ್ಣನಿಗೆ ನಗು ಬರಲಿಲ್ಲ. ಅವರು ಹಣೆ ಸುಕ್ಕು ಮಾಡಿಕೊಂಡು ಕೂತರು. ಎಳೆತದ ಉದ್ದ ಎಷ್ಟು ಎಂದು ಅರ್ಜಿಯಲ್ಲಿ ಇಲ್ಲವೇ ಇಲ್ಲ. ಒಂದು ಗೇಣು ಎಳೆದರೆ ಹತ್ತು ಕಿಲೋ ಅನ್ನುವ ಬಿಲ್ಲು ಎರಡು ಗೇಣು ಎಳೆದರೆ ಇಪ್ಪತ್ತಕ್ಕೂ ಹೋದೀತು. ಉದ್ದ ಗೊತ್ತಿಲ್ಲದ ಎಳೆತಕ್ಕೆ ತೂಕ ಎಲ್ಲಿಂದ ಬಂತು? ಅವರು ಕೊರಳಲ್ಲಿದ್ದ ಟೇಪು ತೆಗೆದು ಪಿಸುಮಾತಿನ ಕೈಯನ್ನು ಎದೆಯ ನಡುವಿನಿಂದ ಬೆರಳ ತುದಿಯವರೆಗೆ ಎರಡೆರಡು ಸಲ ಅಳೆದರು. ಅವಳ ಕೈಯೇನೂ ಬಿಲ್ಲುಗಾರನ ಕೈಯಲ್ಲ, ಬಿಲ್ಲುಗಾರ ಆರಡಿ ಇದ್ದಾನೆ ಎಂದು ಲೀಟರಕ್ಕ ಅಲ್ಲಿಂದಲೇ ತಕರಾರೆತ್ತಿದರು. ಆರಡಿ ಅಂತ ಯಾರು ಅಳೆದದ್ದು ಎಂದು ಟೇಪಣ್ಣ ಮರುಪ್ರಶ್ನೆ ಹಾಕಿದರು. ಯಾರೂ ಅಳೆದಿರಲಿಲ್ಲ. ಆರಡಿ ಎಂದು ಅವಳೇ ಹೇಳಿಕೊಂಡಿದ್ದಳು. ಆ ಕಚೇರಿಯಲ್ಲಿ ಹೇಳಿಕೊಂಡ ಅಳತೆಗೆ ಎಷ್ಟು ಮರ್ಯಾದೆ ಇತ್ತೆಂದು ಅವಳಿಗೇ ಚೆನ್ನಾಗಿ ಗೊತ್ತಿತ್ತು. ಅಂಥವನ್ನೆಲ್ಲ ‘ತಿರಸ್ಕೃತ’ ಎಂಬ ಕಪಾಟಿನಲ್ಲಿ ಜೋಡಿಸುವವಳು ಅವಳೇ.

ಹನ್ನೊಂದೂವರೆಗೆ ಮೇಷ್ಟ್ರು ಬಂದರು. ಫೈಲು ನೋಡಿ ಅವರ ಮುಖ ಅರಳಿತು. ತಮ್ಮ ಆಟಕ್ಕೆ ಇಷ್ಟು ಗಂಭೀರವಾದ ಕಾಗದಪತ್ರ ಹುಟ್ಟಿದ್ದು ಅವರಿಗೆ ಒಳಗೊಳಗೇ ಹೆಮ್ಮೆ ತಂದಿತ್ತು. ಲೀಟರಕ್ಕನ ಟಿಪ್ಪಣಿ ಪ್ರಕಾರ ಬಲ ಪರಿಶೀಲನೆ ಆಗಲೇಬೇಕೆಂದು ಅವಳನ್ನು ಪರೀಕ್ಷಾ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಕಿಟಕಿಯ ಸರಳಿಗೆ ದೊಡ್ಡ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ, ಕೊಕ್ಕೆಗೆ ಹಗ್ಗ ಕಟ್ಟಿ, ಎಳಿಯಮ್ಮ ಎಂದರು. ಮುದ್ರೆ ಹೊಡೆಸಲು ತಕ್ಕಡಿ ಹಿಡಿದು ಕಾಯುತ್ತಿದ್ದ ಹತ್ತು ಹದಿನೈದು ವ್ಯಾಪಾರಿಗಳು ಬೆಂಚಿನ ಮೇಲೆ ನೆಟ್ಟಗೆ ಕೂತರು.

ಪಿಸುಮಾತು ಕಣ್ಣು ಮುಚ್ಚಿ ಎಳೆದಳು. ಎಳೆಯುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಕಣಿವೆ, ಆಮೆ, ಗಾಳಿಗೆ ಹಾರುವ ಬಿಲ್ಲುಗಾರನ ಮೇಲಂಗಿ. ಕಣ್ಣು ಬಿಟ್ಟಾಗ ಮುಳ್ಳು ಹನ್ನೆರಡರಲ್ಲಿ ನಿಂತು ನಡುಗುತ್ತಿತ್ತು.

ಬೆಂಚಿನ ತುದಿಯಲ್ಲಿದ್ದ ತರಕಾರಿಯಮ್ಮ ಎದ್ದು ಬಂದು, ಬುಟ್ಟಿಯನ್ನು ಸೊಂಟದಿಂದ ಇಳಿಸದೆಯೇ, ಒಂದೇ ಕೈಯಲ್ಲಿ ಹಗ್ಗ ಎಳೆದರು. ಮೂವತ್ತನಾಲ್ಕು. “ಇದು ಯಾವ ಕೆಲ್ಸಕ್ಕೆ ಪರೀಕ್ಷೆ, ಸ್ವಾಮಿ? ನಮ್ಮ ಸೊಸೆ ಮನೇಲೇ ಇದಾಳೆ, ಕಳಿಸ್ಲಾ?” ಎಂದು ಕೇಳಿದರು. ಬೆಂಚಿಗೆ ಬೆಂಚೇ ನಕ್ಕಿತು. ಪಿಸುಮಾತಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಅವಳ ಅದೃಷ್ಟಕ್ಕೆ ಮೇಷ್ಟ್ರಿಗೆ ಆಗ ಜ್ಞಾನೋದಯವಾಯಿತು. ಆಟ ಆಡುವವಳ ಬಲ ಕಟ್ಟಿಕೊಂಡು ಏನಾಗಬೇಕು, ಬಿಲ್ಲುಗಾರನ ಬಲ ಪುಸ್ತಕದಲ್ಲೇ ಇದೆಯಲ್ಲ, ಹದಿನಾರು, ದಾಳ ಹಾಕಿ ಪಡೆದದ್ದು ಎಂದು ಅವರು ಫೈಲಿನಲ್ಲಿ ಷರಾ ಬರೆದರು. ‘ಏರಿಸಬಹುದು’ ಎಂದೂ ಬರೆದರು. ಅಲ್ಲಿಗೆ ಮುಗಿಯಿತು ಎಂದು ಅವಳು ಉಸಿರು ಬಿಟ್ಟಳು.

ಆ ಕಚೇರಿಯಲ್ಲಿ ‘ಏರಿಸಬಹುದು’ ಎಂದು ಬರೆದ ಯಾವ ಫೈಲೂ ಬರೆದವರ ಮೇಜಿನ ಮೇಲೆ ನಿಲ್ಲುವುದಿಲ್ಲ. ಟಪಾಲಣ್ಣ ಅದನ್ನು ಮೇಡಂ ಅವರ ಸಹಿಯ ಕಟ್ಟಿಗೆ ಸೇರಿಸಿ ಒಳಗಿಟ್ಟು ಬಂದರು.

ಮೇಡಂ ಆ ಕಚೇರಿಗೆ ಮುಖ್ಯಸ್ಥರಾಗಿ ಬಂದು ಮೂರೇ ತಿಂಗಳು. ಅವರು ನಗುವುದನ್ನು ಯಾರೂ ನೋಡಿರಲಿಲ್ಲ, ಕೂಗಾಡುವುದನ್ನೂ ನೋಡಿರಲಿಲ್ಲ. ಬಂದ ಮೊದಲ ದಿನ ಗೋಡೆ ಗಡಿಯಾರವನ್ನು ಇಳಿಸಿ ನಾಲ್ಕು ಸೆಕೆಂಡು ಹಿಂದಿದೆ ಎಂದು ಬರೆದಿಟ್ಟಿದ್ದರು, ಅಷ್ಟೇ. ಹನ್ನೆರಡೂವರೆಗೆ ಅವರಿಂದ ಪಿಸುಮಾತಿಗೆ ಕರೆ ಬಂತು.

ಈ ಬಿಲ್ಲು ಯಾವ ಅಂಗಡಿಯದು ಎಂದು ಮೇಡಂ ಕೇಳಿದರು. ಅವಳು ಉತ್ತರ ಹೇಳಿದಳು. ಜೋರಾಗಿ ಹೇಳಿ ಎಂದರು. ಮತ್ತೆ ಹೇಳಿದಳು. ನಾನು ಮೇಜಿನ ಈಚೆ ಇದ್ದೇನೆ, ನಿಮ್ಮ ಮಾತು ಆಚೆಯೇ ನಿಂತುಬಿಡುತ್ತಿದೆ ಎಂದರು. ಮೂರನೆಯ ಸಲ ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಹಿಡಿದು, ಅದು ನಿಜವಾದ ಬಿಲ್ಲಲ್ಲ, ಊಟದ ಹೊತ್ತಿನ ಆಟದ್ದು, ಇವತ್ತು ಬಲ ಏರದಿದ್ದರೆ ಬಿಲ್ಲುಗಾರ ಸಾಯುತ್ತಾನೆ, ಸತ್ತರೆ ತನಗೆ ಅಲ್ಲಿ ಕುರ್ಚಿಯಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಷ್ಟು ಉದ್ದದ ಮಾತನ್ನು ಆ ಕಚೇರಿಯಲ್ಲಿ ಅವಳು ಎಂದೂ ಆಡಿರಲಿಲ್ಲ. ಆಡಿ ಮುಗಿಸಿದ ಮೇಲೆ ತನ್ನ ದನಿಯನ್ನು ಯಾರದೋ ಎಂಬಂತೆ ಕೇಳಿಸಿಕೊಂಡಳು.

ಮೇಡಂ ಕನ್ನಡಕ ತೆಗೆದು ಒರೆಸಿದರು. ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು.

“ಆಟವಾದ್ರೆ ಆಟ,” ಎಂದರು ಮೇಡಂ. “ಆದ್ರೆ ಕಿಲೋ ಅಂತ ಬರೆದಿದ್ದೀರಲ್ಲ. ಕಿಲೋ ಅಂದಮೇಲೆ ಅದು ನಮ್ಮ ಕೆಲಸ.”

ಅವರು ‘ಮಂಜೂರು’ ಎಂದು ಬರೆದು, ಬಿಲ್ಲಿನ ಚಿತ್ರ ಲಗತ್ತಿಸಿ ಮುದ್ರೆ ಹೊಡೆಯತಕ್ಕದ್ದು ಎಂದು ಸೇರಿಸಿ, ಸಹಿ ಹಾಕಿದರು. ಟೇಪಣ್ಣ ಗೆರೆಹಾಳೆಯ ಮೇಲೆ ಬಿಲ್ಲನ್ನು ಒಂದಕ್ಕೆ ಹತ್ತರ ಪ್ರಮಾಣದಲ್ಲಿ ಬರೆದರು. ಹೆದೆ ಬರೆಯುವಾಗ ಉಸಿರು ಬಿಗಿಹಿಡಿದಿದ್ದರು. ಮೇಷ್ಟ್ರು ಅದರ ಹಿಡಿಯ ಮೇಲೆ ಕಚೇರಿಯ ದುಂಡು ಮುದ್ರೆ ಒತ್ತಿದರು. ಒಂದು ಗಂಟೆಗೆ ಐದು ನಿಮಿಷವಿರುವಾಗ ನಲವತ್ತೆಂಟು ಕಿಲೋ ಬಿಲ್ಲು ಪಿಸುಮಾತಿನ ಕೈಗೆ ಬಂತು. ಹಾಳೆ ಹಗುರವಾಗಿತ್ತು. ಆದರೂ ಅವಳು ಅದನ್ನು ಎರಡು ಕೈಯಲ್ಲಿ ಹಿಡಿದಳು.

ಅವಳು ಊಟ ಮಾಡಲಿಲ್ಲ. ಆಮೆಯ ಯಾವ ಜಾಗಕ್ಕೆ ಹೊಡೆಯಬೇಕೆಂದು ನಾಲ್ಕು ದಿನ ನೋಡಿ ನೋಡಿ ಪತ್ತೆ ಮಾಡಿಟ್ಟಿದ್ದಳು. ಅಲ್ಲಿಗೇ ಹೊಡೆದ ಬಾಣವೊಂದು ನಿನ್ನೆ ಅರ್ಧ ಬೆರಳಿನಷ್ಟು ಇಳಿದೂ ಇತ್ತು. ಇನ್ನಷ್ಟು ಬಲವಿದ್ದಿದ್ದರೆ ಕೆಲಸ ಆಗಿಹೋಗಿರುತ್ತಿತ್ತು. ಆ ಇನ್ನಷ್ಟು ಬಲ ಈಗ ಅವಳ ಮುಂದೆ ಮೇಜಿನ ಮೇಲಿತ್ತು. ಕಿಟಕಿಗೆ ಒರಗಿದ್ದ ಟಪಾಲಣ್ಣ ಅದನ್ನು ನೋಡಿ, ಇನ್ನು ಎರಡು ವರ್ಷ ನಾನು ನಿಂತೇ ಉಣ್ಣಬೇಕು ಎಂದು ಡಬ್ಬಿ ಮುಚ್ಚಿದರು.

ಮೇಷ್ಟ್ರು ಪುಸ್ತಕ ತೆರೆದರು. ಆಗ ಬಾಗಿಲಲ್ಲಿ ಮೇಡಂ ಕಾಣಿಸಿಕೊಂಡರು.

ನಾಲ್ವರೂ ಎದ್ದು ನಿಂತರು. ಊಟದ ಹೊತ್ತು ನಿಮ್ಮದು, ಕೂತ್ಕೊಳ್ಳಿ ಎಂದರು ಅವರು. ಮಂಜೂರು ಮಾಡಿದ್ದನ್ನು ಸ್ಥಳದಲ್ಲಿ ಒಮ್ಮೆ ನೋಡುವುದು ಅವರ ಪದ್ಧತಿಯಂತೆ. ಮಂಜೂರು ಮಾಡಿ ತಮ್ಮ ಕೋಣೆಯಲ್ಲಿ ಕೂತಮೇಲೆ ಅವರಿಗೆ ಒಂದು ವಿಷಯ ಕೊರೆಯತೊಡಗಿತ್ತು. ಬಿಲ್ಲಿನ ಬಲ ಸರಿ, ಬಿಲ್ಲುಗಾರನ ಬಲ ಹದಿನಾರು ಎಂದು ಷರಾದಲ್ಲಿದೆ. ಆ ಹದಿನಾರನ್ನು ಯಾವ ಉಪಕರಣದಿಂದ ಅಳೆದರು?

ಮೇಷ್ಟ್ರು ಜೇಬಿನಿಂದ ದಾಳ ತೆಗೆದು ತೋರಿಸಿದರು. ಮೂರು ಸಲ ಉರುಳಿಸಿ ಕೂಡಿಸಿದರೆ ಬಲ. ಎಷ್ಟೋ ವರ್ಷ ಅವರ ಬೆರಳಿಗೆ ಸಿಕ್ಕಿ ನುಣುಪಾಗಿದ್ದ, ಜೇನು ಬಣ್ಣದ ಮರದ ದಾಳ.

“ಇದಕ್ಕೆ ಮುದ್ರೆ ಎಲ್ಲಿದೆ?” ಎಂದು ಮೇಡಂ ಕೇಳಿದರು.

ಊರಿನ ಪ್ರತಿಯೊಂದು ತಕ್ಕಡಿಯನ್ನೂ ಅನುಮಾನದಿಂದ ನೋಡುತ್ತಿದ್ದ ಆ ಮೂವರಿಗೆ ಇಷ್ಟು ವರ್ಷ ತಮ್ಮ ಮೇಜಿನ ಮೇಲೆಯೇ ಉರುಳಾಡುತ್ತಿದ್ದ ಅಳತೆಯೊಂದನ್ನು ಅನುಮಾನಿಸಬೇಕೆಂದು ಹೊಳೆದಿರಲಿಲ್ಲ. ಈಗ ಹೊಳೆದದ್ದೇ ತಡ, ತಡೆಯುವವರಾರು? ಲೀಟರಕ್ಕ ತಮ್ಮ ಒಂದು ಲೀಟರಿನ ಗಾಜಿನ ಅಳತೆಪಾತ್ರೆ ತಂದು ಗೆರೆಯವರೆಗೆ ನೀರು ತುಂಬಿದರು. ದಾಳವನ್ನು ಬಿಟ್ಟರು. ಅದು ಮುಳುಗಿ, ತೇಲಿ, ಒಮ್ಮೆ ಮಗ್ಗುಲಾಗಿ, ಆರರ ಮುಖವನ್ನು ಮೇಲೆ ಮಾಡಿ ನಿಂತಿತು. ತೆಗೆದು ಬಿಟ್ಟರು. ಆರು. ತಲೆಕೆಳಗು ಮಾಡಿ ಬಿಟ್ಟರು. ನೀರಿನೊಳಗೇ ನಿಧಾನಕ್ಕೆ ಹೊರಳಿ, ಮಲಗಿದವರು ತಮಗೆ ರೂಢಿಯಾದ ಮಗ್ಗುಲಿಗೆ ತಿರುಗಿಕೊಳ್ಳುವಂತೆ, ಮತ್ತೆ ಆರು. ಟೇಪಣ್ಣ ಭೂತಗನ್ನಡಿ ಹಿಡಿದು ನೋಡಿ, ಒಂದರ ಮುಖದ ಹಿಂದೆ ಮರದ ಗಂಟಿದೆ, ಆ ಕಡೆ ಭಾರ ಎಂದು ಮೆಲ್ಲಗೆ ಹೇಳಿದರು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೇತುವೆಯ ಮೇಲೆ ಏಳು ಜನರನ್ನು ಒಬ್ಬಳೇ ಎದುರಿಸಿದ್ದೆನಲ್ಲ ಎಂದು ಲೀಟರಕ್ಕ ಕೇಳಿದರು. ಕೇಳಿದ್ದು ಯಾರನ್ನೆಂದು ಅವರಿಗೂ ಗೊತ್ತಿರಲಿಲ್ಲ. ಟೇಪಣ್ಣ ಹಿಂದೊಮ್ಮೆ ಉರಿಯುವ ಕೋಟೆಯನ್ನು ಒಂದೇ ಮಂತ್ರದಲ್ಲಿ ಆರಿಸಿದ್ದರು. ಆ ಸಂಜೆ ಮನೆಗೆ ಹೋಗಿ ಹೆಂಡತಿಯ ಜತೆ ಆ ವಿಷಯ ಮಾತಾಡಿಯೂ ಇದ್ದರು. ಎಲ್ಲವೂ ಒಂದು ಗಂಟಿನ ಕೃಪೆ. ಪಿಸುಮಾತು ತನ್ನ ಬಿಲ್ಲುಗಾರ ಹಿಂದೆ ಸರಿಯದೆ ನಿಂತ ದಿನಗಳನ್ನೆಲ್ಲ ನೆನೆದಳು. ‘ಹಿಂದೆ ಸರಿಯುವುದಿಲ್ಲ’ ಎಂದು ಹೇಳಿದ್ದಂತೂ ದಾಳವಲ್ಲ, ತಾನೇ. ಅದನ್ನು ಯಾವ ಪಾತ್ರೆಯ ನೀರಿನಲ್ಲಿ ಬಿಟ್ಟು ಪರೀಕ್ಷಿಸುವುದೆಂದು ಅವಳಿಗೆ ತಿಳಿಯಲಿಲ್ಲ.

ಮೇಡಂ ದಾಳವನ್ನು ಒರೆಸಿ ಲಕೋಟೆಗೆ ಹಾಕಿ ಅಂಟಿಸಿದರು. ತಪ್ಪು ಉಪಕರಣದಿಂದ ಮಾಡಿದ ಅಳತೆಗಳೆಲ್ಲ ಅಸಿಂಧು. ಹೊಸದಾಗಿ ಅಳೆಯಿರಿ ಎಂದರು. ಟೇಪಣ್ಣ ಮಿಲಿಮೀಟರ್ ವ್ಯತ್ಯಾಸವಿಲ್ಲದೆ ಆರು ಚೀಟಿ ಕತ್ತರಿಸಿದರು. ಮೇಷ್ಟ್ರು ಚಿನ್ನದ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿದರು. ಒಂದರಿಂದ ಆರು ಬರೆದು, ಮಡಿಸಿ, ಒರೆಸಿದ ಲೀಟರ್ ಪಾತ್ರೆಗೆ ಹಾಕಿ ಕುಲುಕಿದರು. ಅಷ್ಟು ನ್ಯಾಯವಾದ ಚೀಟಿಗಳನ್ನು ಆ ಊರು ಕಂಡಿರಲಿಲ್ಲ.

ರಾಣಿಯ ಬಲ ಹನ್ನೊಂದಾಯಿತು. ಮಂತ್ರವಾದಿಯದು ಒಂಬತ್ತು. ಪಿಸುಮಾತು ಕೈಹಾಕಿದಳು. ಒಂದು. ಚೀಟಿ ವಾಪಸು ಹಾಕಿ, ಮತ್ತೆ ತೆಗೆದಳು. ಎರಡು. ಮತ್ತೆ ಒಂದು.

ನಾಲ್ಕು. ಮೂರರಂತೆ ಹನ್ನೆರಡು ಕಿಲೋ. ಸ್ಪ್ರಿಂಗ್ ತಕ್ಕಡಿ ಹೇಳಿದ್ದೂ ಅದನ್ನೇ.

ಬಿಲ್ಲನ್ನು ಹನ್ನೆರಡಕ್ಕೆ ಇಳಿಸಿಕೊಡಿ ಎಂದು ಅವಳು ಕೇಳಿದಳು. ಮೇಷ್ಟ್ರಿಗೆ ಮನಸ್ಸೇನೋ ಇತ್ತು, ಆದರೆ ಮುದ್ರೆ ಬಿದ್ದ ಉಪಕರಣದ ಮೇಲೆ ಕೈಯಾಡಿಸುವುದು ಅಪರಾಧ. ಹೊಸ ಅರ್ಜಿ ಹಾಕಬೇಕು. ಅಷ್ಟು ಹೊತ್ತು ಆಮೆ ಕಾಯಲಾರದು. ಆಮೆಯ ಬಲ ದಾಳದಿಂದ ಬಂದದ್ದಲ್ಲ, ಪುಸ್ತಕದಲ್ಲೇ ಅಚ್ಚಾಗಿದ್ದದ್ದು. ಅದು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಮೇಷ್ಟ್ರು ತಗ್ಗಿದ ದನಿಯಲ್ಲಿ, ಆಮೆ ಕಾಲೆತ್ತಿತು, ಬಿಲ್ಲುಗಾರ ಏನು ಮಾಡ್ತಾನೆ ಎಂದು ಕೇಳಿದರು.

“ಹಿಂದೆ ಸರಿಯುವುದಿಲ್ಲ,” ಎಂದಳು ಪಿಸುಮಾತು.

ಆಮೆ ಕಾಲಿಟ್ಟಿತು.

ಅವಳು ಎದ್ದು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕಿಟಕಿಯ ಬಳಿ ಹೋಗಿ ನಿಂತಳು. ಟಪಾಲಣ್ಣ, ನಂಗಿದು ಇಷ್ಟವಿರಲಿಲ್ಲ ಕಣಮ್ಮ ಎಂದು ಎರಡು ಸಲ ಹೇಳಿ, ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತರು. ಚೀಟಿ ಎತ್ತಿದರು. ಐದು. ಆರು. ಐದು. ಹದಿನಾರು. ನಾಚಿಕೊಂಡವರಂತೆ, ಮೇಜಿನ ಮೇಲಿನ ಮುದ್ರೆಯೊತ್ತಿದ ಹಾಳೆಯನ್ನು ಕಿರುಬೆರಳಿನಿಂದ ತಮ್ಮ ಕಡೆಗೆ ಎಳೆದುಕೊಂಡರು.

“ಈ ಬಿಲ್ಲು ಅಲ್ಲೇ ಬಿದ್ದಿರುತ್ತಲ್ವಾ, ಮೇಷ್ಟ್ರೆ? ಯಾರದೂ ಅಲ್ವಲ್ಲ?”

ಅದು ಅವಳದು ಎಂದು ಲೀಟರಕ್ಕ ಸಿಡುಕಿದರು. ಮೇಷ್ಟ್ರು ಮೇಡಂ ಕಡೆ ನೋಡಿದರು. ಮೇಡಂ ಹೇಳಿದ್ದು ಆ ಕಚೇರಿಯಲ್ಲಿ ಸೇರಿದ ಮೊದಲ ವಾರ ಎಲ್ಲರೂ ಕಲಿಯುವ ಪಾಠ: ಮುದ್ರೆ ಬೀಳುವುದು ಉಪಕರಣಕ್ಕೆ, ಮಾಲೀಕರಿಗಲ್ಲ. ಯಾರ ಕೈಗೆ ಹೋದರೂ ಮುದ್ರೆ ಅದರ ಜತೆಗೇ ಹೋಗುತ್ತದೆ.

ಹೀಗೆ ನಲವತ್ತೆಂಟು ಕಿಲೋ ಬಿಲ್ಲು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಿಲ್ಲದೆ, ನಲವತ್ತೆಂಟು ಕಿಲೋ ಎಳೆಯಬಲ್ಲ ಟಪಾಲಣ್ಣನ ಪಾಲಾಯಿತು. ಅವರು ಬಿಲ್ಲೆತ್ತಿದರು. ಎರಡು ವರ್ಷ ಕಾದಿದ್ದ ಮನುಷ್ಯ; ಆತುರ. ಸೀದಾ ಚಿಪ್ಪಿನ ನಡುಮಧ್ಯಕ್ಕೆ ಗುರಿಯಿಟ್ಟೆ ಎಂದರು.

ಕಿಟಕಿಯ ಬಳಿಯಿದ್ದ ಪಿಸುಮಾತು ಒಂದು ಹೆಜ್ಜೆ ಮುಂದೆ ಬಂದಳು. ಬಿಲ್ಲು ಹೋದರೆ ಹೋಗಲಿ. ಕುರ್ಚಿಯೂ ಹೋಗಲಿ. ಆದರೆ ಬೆಳಿಗ್ಗೆಯಿಂದ ಅಳೆಸಿಕೊಂಡು, ನಗೆಪಾಟಲಾಗಿ, ಮೂರು ಸಲ ಹೇಳಿದ್ದನ್ನೇ ಹೇಳಿ ಗಳಿಸಿದ ಬಲವನ್ನು ಈ ಮನುಷ್ಯ ಕಲ್ಲಿಗೆ ಹೊಡೆದು ಹಾಳುಮಾಡುವುದನ್ನು ನೋಡುತ್ತ ನಿಲ್ಲುವುದು ಅವಳಿಂದಾಗಲಿಲ್ಲ.

“ಚಿಪ್ಪಿಗಲ್ಲ, ಟಪಾಲಣ್ಣ. ಅದು ಉಸಿರೆಳೆದುಕೊಂಡಾಗ ಕುತ್ತಿಗೆ ಕೆಳಗೆ ಎರಡು ಬೆರಳು ಸಂದು ಬಿಡುತ್ತೆ. ಉಸಿರೆಳೆಯೋ ತನಕ ಕಾಯಿರಿ. ಅಲ್ಲಿಗೆ ಹೊಡೀರಿ.”

ಆ ಮಾತು ಊಟದ ಕೋಣೆ ದಾಟಿ, ಪರೀಕ್ಷಾ ಕೋಣೆಯನ್ನೂ ದಾಟಿ, ಹೊರಗಿನ ಬೆಂಚಿನವರೆಗೆ ಹೋಯಿತು. ಯಾವ ಆಮೆ ಎಂದು ಅಲ್ಲಿ ಯಾರೋ ಕೇಳಿದ್ದೂ ಒಳಗೆ ಕೇಳಿಸಿತು.

ಟಪಾಲಣ್ಣ ಕಾದರು. ಆಮೆ ಉಸಿರೆಳೆಯಿತು. ಬಾಣ ಹೋಯಿತು. ಚೀಟಿ ಎತ್ತಿದರೆ ಐದು. ಮೇಷ್ಟ್ರು ಪುಸ್ತಕದ ಮೇಲೆ ಬೆರಳಿಟ್ಟು, ಕಣ್ಣು ಅರಳಿಸಿ, ಕಲ್ಲಾಮೆ ಕಣಿವೆಯೊಳಗೆ ಮಗುಚಿ ಬಿದ್ದ ಬಗೆಯನ್ನು ಎರಡು ನಿಮಿಷ ವರ್ಣಿಸಿದರು. ಲೀಟರಕ್ಕ ಚಪ್ಪಾಳೆ ತಟ್ಟಿದರು. ಟೇಪಣ್ಣ ಟಪಾಲಣ್ಣನ ಬೆನ್ನು ಗುದ್ದಿದರು. ಪಿಸುಮಾತಿಗೆ ತನ್ನ ಕೈಯಲ್ಲೇ ಹೆದೆ ಮಿಡಿದಂತಾಗಿ, ಒಂದು ಗಳಿಗೆ, ಸೋತದ್ದು ಮರೆತೇಹೋಯಿತು.

ಮೇಡಂ ಅವಳ ಕಡೆ ತಿರುಗಿದರು. ಮೂರು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗುವಿನಂಥದ್ದೊಂದು ಇತ್ತು.

“ನಿಮಗೆ ಇಷ್ಟು ಒಳ್ಳೆ ದನಿ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ,” ಎಂದರು. “ಹೇಳೋದನ್ನ ಸ್ಪಷ್ಟವಾಗಿ, ಒಂದೊಂದಾಗಿ ಹೇಳ್ತೀರಿ. ವಿಚಾರಣೆ ಕಿಟಕಿಯವರು ಸೋಮವಾರದಿಂದ ಆರು ತಿಂಗಳು ರಜೆ. ಯಾರನ್ನು ಕೂರಿಸೋದು ಅಂತ ಒಂದು ವಾರದಿಂದ ತಲೆಕೆಡಿಸಿಕೊಂಡಿದ್ದೆ. ದಾಖಲೆ ಕೋಣೆ ಬೀಗದ ಕೈ ಇವತ್ತು ಸಂಜೆ ನನಗೆ ಕೊಡಿ.”

ವಿಚಾರಣೆ ಕಿಟಕಿ ಎಂದರೆ ಮುಂಬಾಗಿಲ ಪಕ್ಕದ ಜಾಲರಿ. ದಿನಕ್ಕೆ ನೂರಾರು ಜನ ಬಂದು ಯಾವ ತಕ್ಕಡಿ ಯಾವ ಕೋಣೆಗೆ, ಯಾವ ಅಳತೆಗೆ ಯಾವ ಅರ್ಜಿ ಎಂದು ಕೇಳುವ ಜಾಗ. ಕೇಳಿದ್ದಕ್ಕೆಲ್ಲ ಬಾಯಿಬಿಟ್ಟೇ ಉತ್ತರ ಹೇಳಬೇಕು. ಮೇಡಂ ಹೋದಮೇಲೆ ಲೀಟರಕ್ಕ ಅವಳ ಹೆಗಲ ಮೇಲೆ ಕೈಯಿಟ್ಟು, ಹೋಗ್ಲಿ ಬಿಡೇ, ಮಧ್ಯಾಹ್ನ ಒಂದಕ್ಕೆ ಇಲ್ಲಿ ಬಂದು ನಿಂತ್ಕೊಂಡು ನೋಡು, ಯಾರಾದ್ರೂ ಸತ್ತಾಗ ನಿಂಗೇ ಕುರ್ಚಿ ಎಂದು ಸಮಾಧಾನ ಮಾಡಿದರು. ಆಗ ಟಪಾಲಣ್ಣ ಬಿಲ್ಲನ್ನು ಜೋಪಾನವಾಗಿ ಮಡಿಸಿ ಜೇಬಿಗಿಡುತ್ತ, ಹೇಳಲೋ ಬೇಡವೋ ಎಂಬಂತೆ ಹೇಳಿದರು: ಜನ ಬರುವ ಹೊತ್ತಾದ್ದರಿಂದ ಆ ಕಿಟಕಿಗೆ ಊಟದ ಬಿಡುವು ಒಂದರಿಂದ ಎರಡಲ್ಲ, ಎರಡರಿಂದ ಮೂರು.

ಪಿಸುಮಾತು ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ.